ಡಿಸ್ನಿಯ ಹೂಪ್-ಡೀ-ಡೂ ಡಿನ್ನರ್ ಶೋಗೆ ಮನೆಮಂದಿಯ ಜೊತೆ: ಬುಕಿಂಗ್‌ನಿಂದ ವಾಪಸ್ ಬರುವ ತನಕ

"ಆರ್ಲ್ಯಾಂಡೋಗೆ ಹೊರಟಿದ್ದೇವೆ. ಅಪ್ಪ ಅಮ್ಮನೂ ಬರ್ತಾರೆ, ಮಕ್ಕಳೂ ಇದ್ದಾರೆ. ಊಟದ ಜೊತೆ ಹಾಡು ಕುಣಿತ ಇರುತ್ತಂತಲ್ಲ, ಅದಕ್ಕೆ ಹೋಗಬಹುದಾ? ಸಸ್ಯಾಹಾರಿಗಳಿಗೆ ಏನಾದ್ರೂ ಸಿಗುತ್ತಾ? ಅಲ್ಲಿಗೆ ಹೋಗೋದು ಹೇಗೆ?" ರಜೆ ಹತ್ತಿರ ಬಂತು ಅಂದರೆ ಓದುಗರಿಂದ ಇದೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ.

ಹೋಗಬಹುದು. ಮೂರು ತಲೆಮಾರು ಒಂದೇ ಟೇಬಲ್‌ನಲ್ಲಿ ಕೂತು ನಗುವಂಥ ಜಾಗಗಳು ಡಿಸ್ನಿಯಲ್ಲೂ ತೀರಾ ಜಾಸ್ತಿ ಇಲ್ಲ. ಒಳಗೆ ಹೋಗಿ ಕೂತ ಮೇಲೆ ಎಲ್ಲ ಸಲೀಸು, ನೀವು ಮಾಡಬೇಕಾದ್ದು ಉಣ್ಣುವುದು, ನೋಡುವುದು ಅಷ್ಟೇ. ಜನ ಎಡವುವುದು ಅದಕ್ಕೂ ಮುಂಚೆ. ತಪ್ಪು ದಿನ ಹಿಡಿದಿರುತ್ತಾರೆ, ತಪ್ಪು ಸೀಟು ತಗೊಂಡಿರುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ದಾರಿಗೆ ಬೇಕಾದ ಸಮಯವನ್ನು ಕಡಿಮೆ ಅಂದಾಜು ಮಾಡಿರುತ್ತಾರೆ. ಅದಕ್ಕೇ ಈ ಲೇಖನದಲ್ಲಿ ಶೋಗಿಂತ ದಾರಿಯ ಮಾತೇ ಜಾಸ್ತಿ ಇದೆ.

ಮೊದಲು, ಇದೇನು ಅಂತ

ಡಿನ್ನರ್ ಶೋ ಅಂದರೆ ಊಟ, ಮನರಂಜನೆ ಎರಡೂ ಸೇರಿ ಒಂದೇ ಟಿಕೆಟ್. ನಿಮ್ಮ ಟೇಬಲ್‌ನಲ್ಲೇ ಊಟ ಬರುತ್ತದೆ, ಎದುರಿನ ವೇದಿಕೆಯಲ್ಲಿ ಆಟ ನಡೆಯುತ್ತದೆ. ಇದೇ ಥರ ಕೇಳಿಸುವ ಇನ್ನೆರಡು ಸಂಗತಿಗಳಿವೆ, ಬುಕ್ ಮಾಡುವಾಗ ಗೊಂದಲ ಆಗುತ್ತದೆ. ಒಂದು, ಡೈನಿಂಗ್ ಪ್ಯಾಕೇಜ್. ಅದರಲ್ಲಿ ಹೋಟೆಲೊಂದರಲ್ಲಿ ಉಂಡು, ಆಮೇಲೆ ಬೇರೆ ಕಡೆ ನಡೆಯುವ ಶೋಗೆ ಕಾದಿಟ್ಟ ಜಾಗ ಕೊಡುತ್ತಾರೆ. ಇನ್ನೊಂದು, ಕ್ಯಾರೆಕ್ಟರ್ ಡೈನಿಂಗ್. ಅಲ್ಲಿ ಮಿಕ್ಕಿ, ಗೂಫಿ ಮುಂತಾದವರು ಟೇಬಲ್ ಹತ್ತಿರ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಇಲ್ಲಿ ಹೇಳುತ್ತಿರುವುದರಲ್ಲಿ ಮಿಕ್ಕಿ ಇಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಆಮೇಲೆ ಅಲ್ಲಿ ಮುಖ ಊದಿಸಿಕೊಂಡು ಕೂರುವುದು ಬೇಡ.

ಹೂಪ್-ಡೀ-ಡೂ ಮ್ಯೂಸಿಕಲ್ ರಿವ್ಯೂ ನಡೆಯುವುದು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ, ಫೋರ್ಟ್ ವೈಲ್ಡರ್‌ನೆಸ್ ಎಂಬ ಕ್ಯಾಂಪಿಂಗ್ ರೆಸಾರ್ಟ್ ಒಳಗಿನ ಪಯನೀರ್ ಹಾಲ್‌ನಲ್ಲಿ. ರೆಸಾರ್ಟ್ ಶುರುವಾಗಿದ್ದು 1971ರಲ್ಲಿ, ಶೋ 1974ರಲ್ಲಿ. ಕೋವಿಡ್ ಕಾಲಕ್ಕೆ 2020ರ ಮಾರ್ಚ್‌ನಲ್ಲಿ ನಿಂತಿತು, 2022ರ ಜೂನ್‌ನಲ್ಲಿ ಮತ್ತೆ ಶುರುವಾಯಿತು. ದೊಡ್ಡ ಮರದ ದಿಮ್ಮಿಗಳ ಹಾಲ್, ಆರು ಜನ ಕಲಾವಿದರು, ಹಳೇ ಅಮೆರಿಕದ ಗಡಿನಾಡಿನ ಹಾಡು, ಕುಣಿತ, ತಮಾಷೆ. ಎಲ್ಲ ಸೇರಿ ಹೆಚ್ಚುಕಮ್ಮಿ ಎರಡು ಗಂಟೆ.

ಒಂದು ಒಳ್ಳೇ ಸುದ್ದಿ: ಹಾಲ್ ಇರುವುದು ಥೀಮ್ ಪಾರ್ಕ್‌ಗಳ ಹೊರಗೆ. ಹಾಗಾಗಿ ಪಾರ್ಕ್ ಟಿಕೆಟ್ ಬೇಕಿಲ್ಲ. ಶೋದ ಬುಕಿಂಗ್ ಇದ್ದರೆ ಸಾಕು.

ಹಂತ 1: ದಿನ ಮತ್ತು ಆಟದ ಹೊತ್ತು ಆರಿಸಿ

ಸಾಮಾನ್ಯವಾಗಿ ದಿನಕ್ಕೆ ಮೂರು ಆಟ: ಸಂಜೆ 4 ಗಂಟೆ, 6:15, ರಾತ್ರಿ 8:30. ಕೆಲವು ದಿನ ಕಡಿಮೆಯೂ ಇರಬಹುದು, ನಿಮ್ಮ ದಿನಕ್ಕೆ ಏನಿದೆ ಅಂತ ಡಿಸ್ನಿಯ ಸೈಟ್‌ನಲ್ಲೇ ನೋಡಿ.

ಮಕ್ಕಳು, ಹಿರಿಯರು ಇಬ್ಬರೂ ಇದ್ದರೆ ನನ್ನ ಓಟು 4 ಗಂಟೆ ಆಟಕ್ಕೆ. 6 ಗಂಟೆಗೆ ಮುಗಿಯುತ್ತದೆ, ಬೆಳಕಿರುವಾಗಲೇ ಅಥವಾ ಕತ್ತಲಾಗುವ ಹೊತ್ತಿಗೆ ಹೊರಗೆ ಬರುತ್ತೀರಿ, ಬಸ್ಸು ದೋಣಿಗಳಿಗೆ ಪರದಾಟ ಇಲ್ಲ. "ನಾಲ್ಕಕ್ಕೇ ಊಟನಾ?" ಅಂತ ಮನೆಯಲ್ಲಿ ಕೇಳುತ್ತಾರೆ. ಮಧ್ಯಾಹ್ನ ಊಟ ಬಿಟ್ಟು 11 ಗಂಟೆಗೆ ಗಟ್ಟಿಯಾಗಿ ತಿಂಡಿ ತಿಂದಿದ್ದರೆ ನಾಲ್ಕೂವರೆಗೆ ಚೆನ್ನಾಗಿಯೇ ಹಸಿದಿರುತ್ತದೆ. ರಾತ್ರಿ ಏನಾದರೂ ಹಗುರವಾಗಿ ತಿಂದರಾಯಿತು.

8:30ರದ್ದು ಮುಗಿಯುವಾಗ ಹತ್ತೂವರೆ. ಭಾರತದಿಂದ ಬಂದು ಎರಡು ಮೂರು ದಿನ ಕೂಡ ಆಗಿಲ್ಲ ಅಂದರೆ ಆ ಹೊತ್ತಿಗೆ ಹಿರಿಯರು ಟೇಬಲ್ ಮೇಲೇ ತೂಕಡಿಸುತ್ತಾರೆ. ಬರೀ ದೊಡ್ಡವರು ಹೋಗುವುದಾದರೆ ಮಾತ್ರ ಅದನ್ನು ಆರಿಸಿ.

ಇನ್ನು ದಿನ. ಪಾರ್ಕ್‌ನಲ್ಲಿ ಬೆಳಗ್ಗೆಯಿಂದ ಓಡಾಡಿ ಸಂಜೆ ಶೋಗೆ ಹೋಗೋಣ ಅನ್ನುವುದು ಎಲ್ಲರೂ ಮಾಡುವ ಯೋಜನೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಪಾರ್ಕ್ ಟಿಕೆಟ್‌ಗೆ ಅಷ್ಟು ದುಡ್ಡು ಕೊಟ್ಟು ಮಧ್ಯಾಹ್ನ ಎರಡಕ್ಕೇ ಹೊರಡಬೇಕಾಗುತ್ತದೆ, ಮನೆಯಲ್ಲಿ ಒಬ್ಬರಿಗಾದರೂ ಬೇಜಾರಾಗುತ್ತದೆ. ಪಾರ್ಕ್ ಇಲ್ಲದ ದಿನಕ್ಕೆ ಇದನ್ನು ಇಟ್ಟುಕೊಳ್ಳಿ. ಬೆಳಗ್ಗೆ ತಡವಾಗಿ ಏಳಿ, ಈಜುಕೊಳಕ್ಕೆ ಹೋಗಿ, ಸಂಜೆ ಶೋ. ಪಾರ್ಕ್ ಜೊತೆಗೇ ಮಾಡಲೇಬೇಕು ಅಂದರೆ ಡಿಸ್ನಿಯ ಪಾರ್ಕ್‌ಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್ಡಮ್ ದಿನವೇ ಮಾಡಿ. ಯಾಕೆ ಅಂತ ಹಂತ 5ರಲ್ಲಿ ಗೊತ್ತಾಗುತ್ತದೆ.

ಹಂತ 2: ಸೀಟಿನ ಕೆಟಗರಿ ತೀರ್ಮಾನಿಸಿ

ಸೀಟುಗಳು ಮೂರು ಕೆಟಗರಿ, ಅಂದರೆ ಮೂರು ದರ್ಜೆ. ಒಂದನೆಯದು ಕೆಳಗೆ, ವೇದಿಕೆಗೆ ಹತ್ತಿರ. ಎರಡನೆಯದು ಕೆಳಗಡೆಯೇ ಹಿಂದಿನ ಸಾಲು ಅಥವಾ ಬಾಲ್ಕನಿಯ ನಡುಭಾಗ. ಮೂರನೆಯದು ಬಾಲ್ಕನಿಯ ಎಡ ಬಲ ಬದಿ. ಬೆಲೆಯೂ ಇದೇ ಕ್ರಮದಲ್ಲಿ ಇಳಿಯುತ್ತದೆ.

ಹಾಲ್ ಅಷ್ಟೇನೂ ದೊಡ್ಡದಲ್ಲ. ಬಾಲ್ಕನಿಯಿಂದಲೂ ಚೆನ್ನಾಗಿ ಕಾಣುತ್ತದೆ, ಕುಣಿತದ ಹೆಜ್ಜೆಗಳು ಮೇಲಿನಿಂದ ಇನ್ನೂ ಚೆನ್ನ. ಹಾಗಾಗಿ ಬರೀ ನೋಟದ ಲೆಕ್ಕದಲ್ಲಿ ಕೆಟಗರಿ 1ಕ್ಕೆ ಹೆಚ್ಚು ಕೊಡಬೇಕಾಗಿಲ್ಲ. ಎರಡು ಕಾರಣಕ್ಕೆ ಮಾತ್ರ ಕೊಡಿ. ಮೊದಲನೆಯದು ಮಂಡಿನೋವು. ಬಾಲ್ಕನಿ ಅಂದರೆ ಮೆಟ್ಟಿಲು ಹತ್ತಬೇಕು. ಎರಡನೆಯದು ಮಕ್ಕಳು. ಕಲಾವಿದರು ನಡುನಡುವೆ ಟೇಬಲ್‌ಗಳ ಮಧ್ಯೆ ಬರುತ್ತಾರೆ, ಪ್ರೇಕ್ಷಕರಲ್ಲಿ ಕೆಲವರನ್ನು ಆಟಕ್ಕೆ ಎಳೆಯುತ್ತಾರೆ. ಆ ಅವಕಾಶ ಕೆಳಗೆ ಕೂತವರಿಗೇ ಜಾಸ್ತಿ.

ಇಲ್ಲೊಂದು ಎಚ್ಚರಿಕೆ. ಎರಡನೇ ಕೆಟಗರಿ ತಗೊಂಡು "ಹಿಂದಿನ ಸಾಲೇ ಸಿಗುತ್ತೆ, ಮೆಟ್ಟಿಲು ಇರಲ್ಲ" ಅಂದುಕೊಳ್ಳಬೇಡಿ. ಬಾಲ್ಕನಿ ಬಂದರೂ ಬಂತು, ಟೇಬಲ್ ಕೊಡುವುದು ಅವರು. ಮೆಟ್ಟಿಲು ಆಗುವುದೇ ಇಲ್ಲ ಅನ್ನುವವರು ಜೊತೆಗಿದ್ದರೆ ನೇರವಾಗಿ ಒಂದನೆಯದನ್ನೇ ತಗೊಳ್ಳಿ. ಗಾಲಿಕುರ್ಚಿ ಬಳಸುವವರಿದ್ದರೆ ಬುಕ್ ಮಾಡುವಾಗಲೇ ತಿಳಿಸಿ.

ಹಂತ 3: ಬುಕ್ ಮಾಡಿ

ಬೇಕಾಗುವುದು ಇಷ್ಟು: ಡಿಸ್ನಿ ಖಾತೆ, ಎಲ್ಲರ ಸರಿಯಾದ ವಯಸ್ಸು, ಕ್ರೆಡಿಟ್ ಕಾರ್ಡ್.

ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಅಲ್ಲಿನ ಬೆಳಗ್ಗೆ 6 ಗಂಟೆ ಹೊತ್ತಿಗೆ ಸೈಟ್‌ನಲ್ಲಿ ಸಿಗಲು ಶುರುವಾಗುತ್ತದೆ. ನೀವು ಭಾರತದಲ್ಲಿ ಕೂತು ಮಾಡುತ್ತಿದ್ದರೆ ಅದು ಮಧ್ಯಾಹ್ನ ಮೂರೂವರೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದ ತನಕ ಅವರ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ, ಆಗ ಸಂಜೆ ನಾಲ್ಕೂವರೆ.

ಡಿಸ್ನಿಯದೇ ಹೋಟೆಲ್‌ನಲ್ಲಿ ಉಳಿಯುವವರಿಗೆ ಒಂದು ಅನುಕೂಲ ಇದೆ. ನೀವು ಬಂದಿಳಿಯುವ ದಿನಕ್ಕೆ 60 ದಿನ ಮುಂಚೆಯೇ ಇಡೀ ವಾಸ್ತವ್ಯದ, ಗರಿಷ್ಠ 10 ದಿನಗಳ, ಊಟದ ಬುಕಿಂಗ್ ಒಟ್ಟಿಗೆ ಮಾಡಬಹುದು. ಡಿಸೆಂಬರ್ 20ಕ್ಕೆ ಬರುತ್ತೀರಿ ಅಂದುಕೊಳ್ಳಿ. ಅಕ್ಟೋಬರ್ 21ಕ್ಕೆ ಕೂತು 25ರ ಶೋವನ್ನೂ ಹಿಡಿಯಬಹುದು. ಹೊರಗಿನ ಹೋಟೆಲ್‌ನವರಿಗೆ 25ರದ್ದು ತೆರೆಯುವುದು ಇನ್ನೂ ಐದು ದಿನ ಬಿಟ್ಟು. ಕ್ರಿಸ್‌ಮಸ್ ರಜೆಯಲ್ಲಿ ಈ ಐದು ದಿನ ಬಹಳ ವ್ಯತ್ಯಾಸ ಮಾಡುತ್ತದೆ. ಹಾಗಾಗಿ ಶೋವನ್ನು ಪ್ರವಾಸದ ಕೊನೆಯ ಭಾಗಕ್ಕೆ ಇಟ್ಟಷ್ಟೂ ಸೀಟು ಸಿಗುವ ಸಾಧ್ಯತೆ ಹೆಚ್ಚು.

ವಯಸ್ಸಿನ ಲೆಕ್ಕ ಹೀಗೆ: 3ರಿಂದ 9 ವರ್ಷ ಮಕ್ಕಳ ದರ, 10 ತುಂಬಿದರೆ ದೊಡ್ಡವರ ದರ. 3 ವರ್ಷದೊಳಗಿನ ಕೂಸಿಗೆ ದುಡ್ಡಿಲ್ಲ, ಆದರೆ ತಲೆ ಲೆಕ್ಕದಲ್ಲಿ ಸೇರಿಸಲೇಬೇಕು. ಇದನ್ನು ಮರೆತು ನಾಲ್ಕೇ ಜನ ಅಂತ ಹಾಕಿ, ಐದನೆಯದಾಗಿ ಮಗುವನ್ನು ಎತ್ತಿಕೊಂಡು ಹೋದರೆ ಟೇಬಲ್ ಹೊಂದಿಸಲು ಅವರಿಗೂ ಕಷ್ಟ, ನಿಮಗೂ ಕಷ್ಟ.

ಬೆಲೆ ದಿನ ಮತ್ತು ಕೆಟಗರಿ ನೋಡಿಕೊಂಡು ಬದಲಾಗುತ್ತದೆ. ಅಂದಾಜಿಗೆ ಹೇಳುವುದಾದರೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಇರುವ ಮನೆಗೆ 200 ಡಾಲರ್ ದಾಟುತ್ತದೆ ಅಂತಲೇ ಇಟ್ಟುಕೊಳ್ಳಿ. ಊಟ, ಪಾನೀಯ, ತೆರಿಗೆ, ಗ್ರಾಚುಯಿಟಿ ಎಲ್ಲ ಅದರಲ್ಲೇ ಬರುತ್ತದೆ. ಗ್ರಾಚುಯಿಟಿ ಅಂದರೆ ಬಡಿಸುವವರಿಗೆ ಕೊಡುವ ಟಿಪ್. ಅಮೆರಿಕದಲ್ಲಿ ಬೇರೆಡೆ ಬಿಲ್ ಮೇಲೆ ಟಿಪ್ ಸೇರಿಸಿ ಸೇರಿಸಿ ಕೈ ತಾನಾಗಿಯೇ ಪರ್ಸ್‌ಗೆ ಹೋಗುತ್ತದೆ. ಇಲ್ಲಿ ಆಗಲೇ ಕೊಟ್ಟಾಗಿದೆ. ಬಡಿಸಿದವರು ತುಂಬಾ ಚೆನ್ನಾಗಿ ನೋಡಿಕೊಂಡರು ಅನಿಸಿದರೆ ಮೇಲೆ ಕೊಡುವುದು ನಿಮ್ಮ ಖುಷಿ.

ಇದು ಪ್ರಿಪೇಯ್ಡ್. ಬುಕ್ ಮಾಡುವಾಗಲೇ ಪೂರ್ತಿ ಹಣ ಹೋಗುತ್ತದೆ. ಇಂತಿಷ್ಟು ಹೊತ್ತಿಗೆ ಮುಂಚೆ ರದ್ದು ಮಾಡದಿದ್ದರೆ ವಾಪಸ್ ಬರುವುದಿಲ್ಲ. ಆ ಗಡುವು ಬುಕಿಂಗ್ ಪುಟದಲ್ಲೇ ಬರೆದಿರುತ್ತದೆ, ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಗ್ರೂಪ್‌ಗೆ ಹಾಕಿಡಿ. ಭಾರತದ ಕಾರ್ಡ್ ಬಳಸುವುದಾದರೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಆಗಿದೆಯಾ ಅಂತ ಹಿಂದಿನ ದಿನವೇ ನೋಡಿ. ಬಹಳಷ್ಟು ಕಾರ್ಡ್‌ಗಳಲ್ಲಿ ಅದು ಆಫ್ ಆಗಿರುತ್ತದೆ. ಸೀಟು ಆರಿಸಿ, ಹೆಸರು ತುಂಬಿ, ಕೊನೆಗೆ ಕಾರ್ಡ್ ತಿರಸ್ಕಾರ ಆದರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ಎರಡು ಮೂರು ಕುಟುಂಬ ಒಟ್ಟಿಗೆ ಹೋಗುವುದಾದರೆ ಒಬ್ಬರೇ ಎಲ್ಲರಿಗೂ ಸೇರಿಸಿ ಮಾಡಿ. ಬೇರೆ ಬೇರೆ ಮಾಡಿದರೆ ಬೇರೆ ಬೇರೆ ಮೂಲೆಯಲ್ಲಿ ಕೂರಿಸಬಹುದು. ಅಷ್ಟು ಜನಕ್ಕೆ ಆನ್‌ಲೈನ್‌ನಲ್ಲಿ ಬರುತ್ತಿಲ್ಲ ಅಂದರೆ ಫೋನ್ ಮಾಡಿ ಕೇಳುವುದೇ ದಾರಿ.

ಸೀಟು ಸಿಗಲಿಲ್ಲ ಅಂತ ಕೈಬಿಡಬೇಡಿ. ರದ್ದತಿಯ ಗಡುವು ಹತ್ತಿರ ಬಂದಂತೆ ಜನ ಮನಸ್ಸು ಬದಲಾಯಿಸಿ ಬಿಟ್ಟುಕೊಡುತ್ತಾರೆ. ಆ ದಿನಗಳಲ್ಲಿ ಬೆಳಗ್ಗೆ ಸಂಜೆ ಒಂದೊಂದು ಸಲ ಡಿಸ್ನಿಯ ಆ್ಯಪ್ ತೆರೆದು ನೋಡಿ. ಅಷ್ಟಾದರೂ ಸಿಗಲಿಲ್ಲ ಅಂದರೆ ಡಿಸ್ನಿಯ ಹೊರಗೆ, ಕಿಸಿಮಿಯಲ್ಲಿ ಮೆಡೀವಲ್ ಟೈಮ್ಸ್ ಇದೆ. 1983ರಿಂದ ನಡೆಯುತ್ತಿರುವ ಡಿನ್ನರ್ ಶೋ. ಕೋಟೆಯಂಥ ಕಟ್ಟಡ, ಒಳಗೆ ನಿಜವಾದ ಕುದುರೆ, ಭರ್ಜಿ ಹಿಡಿದ ಸವಾರರ ಕಾಳಗ. ಅಲ್ಲಿ ಚಮಚ, ಫೋರ್ಕ್ ಕೊಡುವುದಿಲ್ಲ, ಕೈಯಲ್ಲೇ ತಿನ್ನಬೇಕು. ಅಮೆರಿಕನ್ನರಿಗೆ ಅದೇ ಒಂದು ಮೋಜು, ನಮಗೇನೂ ಹೊಸದಲ್ಲ. ಸಸ್ಯಾಹಾರದ ಊಟ ಕೇಳಿದರೆ ಕೊಡುತ್ತಾರೆ. ಕುದುರೆ, ಧೂಳು ಆಗದವರಿಗೆ, ಅಸ್ತಮಾ ಇರುವವರಿಗೆ ಮಾತ್ರ ಅದು ಬೇಡ.

ಹಂತ 4: ಊಟದ ವಿಷಯ ಮೊದಲೇ ಹೇಳಿ

ಊಟ ಫ್ಯಾಮಿಲಿ ಸ್ಟೈಲ್. ಅಂದರೆ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಬರುವುದಿಲ್ಲ. ಇಡೀ ಟೇಬಲ್‌ಗೆ ಅಂತ ದೊಡ್ಡ ಪಾತ್ರೆಗಳಲ್ಲಿ ತಂದಿಡುತ್ತಾರೆ, ನಾವೇ ಬಡಿಸಿಕೊಳ್ಳಬೇಕು. ಖಾಲಿಯಾದರೆ ಮತ್ತೆ ತರುತ್ತಾರೆ. ಮೊದಲು ಸಲಾಡ್, ಕಾರ್ನ್‌ಬ್ರೆಡ್ (ಮೆಕ್ಕೆಜೋಳದ ಹಿಟ್ಟಿನ ಬ್ರೆಡ್). ಆಮೇಲೆ ತಗಡಿನ ಬಕೆಟ್‌ನಲ್ಲಿ ಕರಿದ ಕೋಳಿ, ಬಾರ್ಬೆಕ್ಯೂ ರಿಬ್ಸ್ (ಪಕ್ಕೆಲುಬಿನ ಮಾಂಸ), ಜೊತೆಗೆ ಆಲೂಗಡ್ಡೆ ಮ್ಯಾಶ್, ಬೇಯಿಸಿದ ಬೀನ್ಸ್, ಮೆಕ್ಕೆಜೋಳ. ಕೊನೆಗೆ ಸ್ಟ್ರಾಬೆರಿ ಶಾರ್ಟ್‌ಕೇಕ್. ರಿಬ್ಸ್ ಹಂದಿಯದ್ದು. ಕೋಳಿ ತಿನ್ನುವವರು, ಹಂದಿ ತಿನ್ನದವರು ಟೇಬಲ್‌ನಲ್ಲಿದ್ದರೆ ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ತರಲು ಕೇಳಿ.

ಈಗ ಸಸ್ಯಾಹಾರಿಗಳ ವಿಷಯ. ಮೊದಲೇ ಹೇಳಿದರೆ ಅವರಿಗಾಗಿ ಬೇರೆ ಊಟ ತಂದುಕೊಡುತ್ತಾರೆ. ಆದರೆ ಹೇಗೆ ಹೇಳುತ್ತೀರಿ ಅನ್ನುವುದು ಮುಖ್ಯ. ಅಮೆರಿಕದಲ್ಲಿ ವೆಜಿಟೇರಿಯನ್ ಅಂದರೆ ಮಾಂಸ, ಮೀನು ಇಲ್ಲ ಅಂತಷ್ಟೇ. ಮೊಟ್ಟೆ ಅವರ ಲೆಕ್ಕದಲ್ಲಿ ಸಸ್ಯಾಹಾರವೇ. ಕಾರ್ನ್‌ಬ್ರೆಡ್‌ನಲ್ಲಿ, ಕೇಕ್‌ನಲ್ಲಿ ಮೊಟ್ಟೆ ಹಾಕುವುದು ಅಲ್ಲಿ ಮಾಮೂಲು. ಬೀನ್ಸ್ ನೋಡಲು ಸಾಧುವಾಗಿ ಕಂಡರೂ ಮಾಂಸದ ಜೊತೆ ಬೇಯಿಸುವ ರೂಢಿ ಆ ಕಡೆ ಇದೆ, ಕೇಳದೆ ಮುಟ್ಟಬೇಡಿ. ಮೊಟ್ಟೆ ತಿನ್ನದವರು "ನೋ ಮೀಟ್, ನೋ ಫಿಶ್, ನೋ ಎಗ್, ಹಾಲು ಆಗುತ್ತೆ" ಅಂತ ಒಂದೊಂದಾಗಿ ಬಿಡಿಸಿ ಹೇಳಬೇಕು. ಇಷ್ಟೆಲ್ಲ ವಿವರಿಸುವುದು ತಲೆನೋವು ಅನಿಸಿದರೆ ಪ್ಲಾಂಟ್-ಬೇಸ್ಡ್ ಅಂತ ಕೇಳಿ. ಡಿಸ್ನಿ ಬಳಸುವ ಪದ ಅದು. ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲದ ಊಟ ಅಂತ ಅರ್ಥ. ಮೊಸರು ಬೆಣ್ಣೆ ಇಲ್ಲದೆ ಒಂದು ಹೊತ್ತು ಕಳೆಯುತ್ತದೆ, ಅನುಮಾನ ಇಟ್ಟುಕೊಂಡು ಉಣ್ಣುವುದು ಕಷ್ಟ.

ಮೂರು ಕಡೆ ಹೇಳಿ: ಬುಕ್ ಮಾಡುವಾಗ, ಹಾಲ್ ಬಾಗಿಲಲ್ಲಿ ಹೆಸರು ಕೊಡುವಾಗ, ಟೇಬಲ್‌ಗೆ ಬಡಿಸುವವರು ಬಂದಾಗ. ಅತಿಯಾಯಿತು ಅನಿಸಬಹುದು. ಆದರೆ ನೂರಾರು ಜನಕ್ಕೆ ಒಂದೇ ಸಲ ಬಡಿಸುವ ಜಾಗ ಅದು. ಒಂದು ಸಲ ಬಕೆಟ್‌ಗಳು ಹೊರಟವು ಅಂದರೆ ಆಮೇಲೆ ಹೇಳಿದ್ದು ತಡವಾಗಿಯೇ ಬರುತ್ತದೆ. ಕಡಲೆಬೀಜ, ಗೋಡಂಬಿ, ಗೋಧಿ ಇಂಥ ಅಲರ್ಜಿ ಇದ್ದರಂತೂ ಅಡುಗೆಮನೆಯವರ ಜೊತೆಯೇ ಮಾತಾಡಬೇಕು ಅಂತ ಕೇಳಿ, ಅವರಿಗೆ ಇದು ಹೊಸದಲ್ಲ.

ಮೆನು ಆಗಾಗ ಸ್ವಲ್ಪ ಬದಲಾಗುತ್ತದೆ. ಹೋಗುವ ವಾರದಲ್ಲಿ ಸೈಟ್‌ನಲ್ಲಿ ಒಮ್ಮೆ ಕಣ್ಣಾಡಿಸಿ.

ಪಾನೀಯದಲ್ಲಿ ಬಿಯರ್, ವೈನ್ ಕೂಡ ಸೇರಿದೆ. ಬೇಕಾದವರಿಗೆ 21 ತುಂಬಿರಬೇಕು, ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಕಾರು ಓಡಿಸುವವರು ಯಾರು ಅಂತ ಮೊದಲೇ ತೀರ್ಮಾನ ಆಗಲಿ.

ಹಂತ 5: ತಲುಪುವ ದಾರಿ (ಇದನ್ನು ಎರಡು ಸಲ ಓದಿ)

ಫೋರ್ಟ್ ವೈಲ್ಡರ್‌ನೆಸ್ ಒಂದು ಕಾಡು. ಸುಮಾರು 750 ಎಕರೆ. ಪಯನೀರ್ ಹಾಲ್ ಇರುವುದು ಅದರ ಒಂದು ತುದಿಯಲ್ಲಿ, ಕೆರೆಯ ದಂಡೆಗೆ. ಕಾರು ನಿಲ್ಲಿಸುವ ಜಾಗ ಇರುವುದು ಇನ್ನೊಂದು ತುದಿಯಲ್ಲಿ, ಮುಖ್ಯ ಗೇಟಿನ ಹತ್ತಿರ. ಆ ಭಾಗಕ್ಕೆ ಔಟ್‌ಪೋಸ್ಟ್ ಅನ್ನುತ್ತಾರೆ. ಹಾಲ್ ಇರುವ ಭಾಗಕ್ಕೆ ಸೆಟಲ್‌ಮೆಂಟ್. ಈ ಎರಡು ಹೆಸರು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಹಾಲ್ ಬಾಗಿಲ ತನಕ ಕಾರು ಹೋಗುವುದಿಲ್ಲ. ಟ್ಯಾಕ್ಸಿ, ಊಬರ್ ಹಿಡಿದರೂ ಔಟ್‌ಪೋಸ್ಟ್‌ನಲ್ಲೇ ಇಳಿದು, ರೆಸಾರ್ಟ್‌ನ ಒಳಗಿನ ಬಸ್ಸು ಹತ್ತಬೇಕು. ಮ್ಯಾಪ್ ಆ್ಯಪ್ ಇದನ್ನೆಲ್ಲ ಹೇಳುವುದಿಲ್ಲ. "12 ನಿಮಿಷ" ಅಂತ ತೋರಿಸುತ್ತದೆ, ಅದು ಗೇಟಿನ ತನಕದ ಮಾತು.

ನೀವು ಎಲ್ಲಿಂದ ಬರುತ್ತಿದ್ದೀರಿ ನೋಡಿಕೊಳ್ಳಿ.

ಕಾರಿನಲ್ಲಿ: ಗೇಟಿನಲ್ಲಿ ಡಿನ್ನರ್ ಶೋ ಬುಕಿಂಗ್ ಇದೆ ಅಂತ ಹೇಳಿ, ಫೋನ್‌ನಲ್ಲಿ ತೋರಿಸಿ. ಔಟ್‌ಪೋಸ್ಟ್‌ನಲ್ಲಿ ಕಾರು ನಿಲ್ಲಿಸಿ, ಪಕ್ಕದ ನಿಲ್ದಾಣದಲ್ಲಿ ಒಳಗಿನ ಬಸ್ಸು ಹತ್ತಿ, ಸೆಟಲ್‌ಮೆಂಟ್‌ನಲ್ಲಿ ಇಳಿಯಿರಿ. ಕಾರು ನಿಲ್ಲಿಸಿದ ಸಾಲಿನ ಫೋಟೋ ತೆಗೆದಿಡಿ, ರಾತ್ರಿ ಹುಡುಕುವಾಗ ಬೇಕಾಗುತ್ತದೆ.

ಮ್ಯಾಜಿಕ್ ಕಿಂಗ್ಡಮ್‌ನಿಂದ: ಇದೇ ಎಲ್ಲಕ್ಕಿಂತ ಸುಲಭ. ಪಾರ್ಕ್‌ನ ಹೊರಗಿನ ದೋಣಿ ಕಟ್ಟೆಯಿಂದ ಫೋರ್ಟ್ ವೈಲ್ಡರ್‌ನೆಸ್‌ಗೆ ನೇರ ದೋಣಿ ಇದೆ. ಇಳಿದ ಜಾಗದಿಂದ ಹಾಲ್‌ಗೆ ಕೆಲವೇ ನಿಮಿಷದ ನಡಿಗೆ. ಹಂತ 1ರಲ್ಲಿ ಹೇಳಿದ್ದು ಇದಕ್ಕೇ.

ಕಂಟೆಂಪರರಿ, ವೈಲ್ಡರ್‌ನೆಸ್ ಲಾಡ್ಜ್ ಹೋಟೆಲ್‌ಗಳಿಂದ: ಅಲ್ಲಿಂದಲೂ ದೋಣಿ ಇದೆ.

ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್ಡಮ್ ಪಾರ್ಕ್‌ಗಳಿಂದ: ಬಸ್ಸು ಔಟ್‌ಪೋಸ್ಟ್‌ಗೆ ಬಿಡುತ್ತದೆ. ಅಲ್ಲಿ ಇಳಿದು ಒಳಗಿನ ಬಸ್ಸಿಗೆ ಬದಲಾಯಿಸಬೇಕು. ಮೊದಲ ಬಸ್ಸು ಇಳಿದ ಕೂಡಲೇ "ಬಂತು" ಅಂತ ಮಕ್ಕಳು ಓಡಲು ಶುರು ಮಾಡುತ್ತಾರೆ. ಇನ್ನೂ ಬಂದಿರುವುದಿಲ್ಲ.

ಡಿಸ್ನಿಯ ಬೇರೆ ಹೋಟೆಲ್‌ಗಳಿಂದ: ನೇರ ಬಸ್ಸು ಇಲ್ಲ. ಮ್ಯಾಜಿಕ್ ಕಿಂಗ್ಡಮ್‌ಗೆ ಬಸ್ಸಿನಲ್ಲಿ ಹೋಗಿ, ಒಳಗೆ ಹೋಗದೆ ದೋಣಿ ಹಿಡಿಯುವುದು ಒಳ್ಳೆಯದು.

ಯಾವ ಕಡೆಯಿಂದ ಬಂದರೂ ಹೊರಡುವ ಜಾಗದಿಂದ ಹಾಲ್ ಬಾಗಿಲಿಗೆ ಒಂದರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಹಿಂದಿನಿಂದ ಲೆಕ್ಕ ಹಾಕಿ. 4 ಗಂಟೆ ಆಟ. 3:30ಕ್ಕೆ ಬಾಗಿಲಲ್ಲಿರಬೇಕು. ಅಂದರೆ 2 ಗಂಟೆಗೆ ಹೊರಡಬೇಕು. ಎಲ್ಲರಿಗೂ ಶೂ ಹಾಕಿಸಿ, ಶೌಚಾಲಯಕ್ಕೆ ಕಳಿಸಿ, ನೀರಿನ ಬಾಟಲಿ ತುಂಬಿಸಿ ಹೊರಡಿಸುವುದಕ್ಕೆ ಬೇಕಾದ ಅರ್ಧ ಗಂಟೆ ಇದರಲ್ಲಿ ಸೇರಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇನ್ನೊಂದು ವಿಷಯ ಇದೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಅಲ್ಲಿ ದಿನಚರಿಯಂತೆ. ಮಿಂಚು ಬಂದರೆ ದೋಣಿ ನಿಲ್ಲಿಸುತ್ತಾರೆ, ಬಸ್ಸೇ ಗತಿ. ಶೋ ಮಾತ್ರ ಸೂರಿನಡಿ ನಡೆಯುವುದರಿಂದ ಮಳೆಗೆ ನಿಲ್ಲುವುದಿಲ್ಲ. ತಲುಪುವುದು ನಿಮ್ಮ ಜವಾಬ್ದಾರಿ. ಆಕಾಶ ಕಪ್ಪಾದದ್ದು ಕಂಡರೆ ಅರ್ಧ ಗಂಟೆ ಬೇಗ ಹೊರಡಿ.

ಹಂತ 6: ಬೇಗ ಬಂದರೆ

ಬೇಗ ಬಂದವರಿಗೆ ಅಲ್ಲಿ ಸಮಯ ಹೋಗುವುದು ಗೊತ್ತಾಗುವುದಿಲ್ಲ. ಹತ್ತಿರದಲ್ಲೇ ಟ್ರೈ-ಸರ್ಕಲ್-ಡಿ ರಾಂಚ್ ಇದೆ. ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಗಾಡಿ ಎಳೆಯುವ ಕುದುರೆಗಳ ಲಾಯ ಅದು, ನೋಡಲು ದುಡ್ಡಿಲ್ಲ. ಕೆರೆ ದಂಡೆಯಲ್ಲಿ ಕೂರಬಹುದು. ಬಸ್ಸಿಳಿದ ಸುಸ್ತಿಗೆ ಹಿರಿಯರಿಗೆ ಅದು ಸಾಕು.

ಶೋಗೆ ಅರ್ಧ ಗಂಟೆ ಮುಂಚೆ ಬಾಗಿಲಲ್ಲಿ ಹೆಸರು ಕೊಡಿ. ಯಾರದಾದರೂ ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವ ಇದ್ದರೆ ಹೇಳಿ. ವೇದಿಕೆಯಿಂದ ಅದನ್ನು ಕೂಗಿ ಹೇಳಿ ತಮಾಷೆ ಮಾಡುವುದು ಶೋದ ಒಂದು ಭಾಗ. ಅಪ್ಪ ಅಮ್ಮನ ಮದುವೆಯ ನಲವತ್ತನೇ ವರ್ಷವೋ ಐವತ್ತನೇ ವರ್ಷವೋ ಆಗಿದ್ದರೆ ಆ ದಿನಕ್ಕೇ ಶೋ ಹೊಂದಿಸಿದರೂ ತಪ್ಪಿಲ್ಲ. ಆದರೆ ಎಲ್ಲರ ಮುಂದೆ ಹೆಸರು ಕೂಗಿಸಿಕೊಳ್ಳುವುದು ಅವರಿಗೆ ಇಷ್ಟವಾ ಅಂತ ಮೊದಲು ಕೇಳಿ. ಕೆಲವು ಅಪ್ಪಂದಿರು ಆಮೇಲೆ ಎರಡು ದಿನ ಮಾತಾಡುವುದಿಲ್ಲ.

ಮಗುವಿನ ಸ್ಟ್ರೋಲರ್ ಹೊರಗೇ ಬಿಡಬೇಕಾಗುತ್ತದೆ. ಪಾಸ್‌ಪೋರ್ಟ್, ದುಡ್ಡು ಅದರಲ್ಲಿ ಬಿಡಬೇಡಿ. ಶೌಚಾಲಯ ಈಗಲೇ ಮುಗಿಸಿಕೊಳ್ಳಿ. ಬಟ್ಟೆಗೆ ನಿಯಮ ಏನಿಲ್ಲ, ಪಾರ್ಕ್‌ಗೆ ಹಾಕಿಕೊಳ್ಳುವುದೇ ಸಾಕು. ಒಳಗೆ ಎಸಿ ಜೋರಾಗಿರುತ್ತದೆ, ಹಿರಿಯರಿಗೆ ಒಂದು ಶಾಲು, ಸ್ವೆಟರ್ ಇರಲಿ.

ಹಂತ 7: ಒಳಗೆ

ಟೇಬಲ್ ಅವರೇ ತೋರಿಸುತ್ತಾರೆ. ಪಕ್ಕದ ಕುಟುಂಬ ತೀರಾ ಹತ್ತಿರವೇ ಇರುತ್ತದೆ, ಮಾತಾಡಿಸಿಬಿಡಿ. ಎರಡು ಗಂಟೆ ಮೊಣಕೈ ತಾಗಿಸಿಕೊಂಡು ಕೂರಬೇಕಲ್ವಾ.

ಕೂತ ತಕ್ಷಣ ಸಲಾಡ್, ಬ್ರೆಡ್ ಶುರು. ಮೊದಲ ಹಾಡುಗಳಾದ ಮೇಲೆ ವೇದಿಕೆ ಸ್ವಲ್ಪ ಹೊತ್ತು ಖಾಲಿ, ಆಗ ಊಟ ಬರುತ್ತದೆ. ಮತ್ತೆ ಆಟ, ಮತ್ತೆ ತಿನ್ನುವುದು. ಆಟ ನಡೆಯುವಾಗ ಬಡಿಸಿಕೊಳ್ಳುವುದು, ಬಡಿಸುವ ಹೊತ್ತಿನಲ್ಲಿ ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವುದು, ಹೀಗೆ ತಿರುಗಾಮುರುಗಾ ಮಾಡಿಕೊಂಡರೆ ಎರಡೂ ಕೈತಪ್ಪುತ್ತವೆ. ಮಕ್ಕಳ ತಟ್ಟೆಗೆ ಮೊದಲು ಹಾಕಿಬಿಡಿ. ಬಕೆಟ್ ಬರುವ ಮುಂಚೆಯೇ ಸಲಾಡ್, ಬ್ರೆಡ್‌ನಲ್ಲೇ ಹೊಟ್ಟೆ ತುಂಬಿಸಿಕೊಂಡವರು ಪಶ್ಚಾತ್ತಾಪ ಪಡುವುದನ್ನು ಪ್ರತಿ ಟೇಬಲ್‌ನಲ್ಲೂ ನೋಡಬಹುದು.

ಭಾಷೆಯ ಬಗ್ಗೆ ಕೇಳುತ್ತೀರಿ. ಶೋ ಪೂರ್ತಿ ಇಂಗ್ಲಿಷ್, ಅದೂ ವೇಗವಾದ ಹಳ್ಳಿ ಶೈಲಿಯ ಇಂಗ್ಲಿಷ್. ಮಾತಿನ ಚಮತ್ಕಾರದ ಜೋಕುಗಳು ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಅರ್ಧ ಹಾರಿಹೋಗುತ್ತವೆ. ಆದರೆ ಬೀಳುವುದು, ಜಾರುವುದು, ಹೊಡೆದಾಡುವುದು, ಮುಖ ಕಿವುಚುವುದು ಇದೇ ಜಾಸ್ತಿ. ಇಂಗ್ಲಿಷ್ ಬಾರದ ಅಜ್ಜಿಯೂ ನಗುತ್ತಾರೆ. ಪ್ರತಿ ಜೋಕನ್ನೂ ಅವರ ಕಿವಿಯಲ್ಲಿ ವಿವರಿಸಲು ಹೋಗಬೇಡಿ, ನೀವೂ ನೋಡುವುದಿಲ್ಲ, ಅವರಿಗೂ ಬಿಡುವುದಿಲ್ಲ.

ಸದ್ದು ಜೋರು. ಬ್ಯಾಂಜೋ, ಪಿಯಾನೋ, ಕಾಲು ಬಡಿತ, ಜೊತೆಗೆ ನೂರಾರು ಜನರ ಕೂಗು. ಸದ್ದು ತಡೆಯದ ಮಕ್ಕಳಿಗೆ ಕಿವಿಮುಚ್ಚುಗ ತಗೊಂಡು ಹೋಗಿ. ಶ್ರವಣಯಂತ್ರ ಹಾಕುವ ಹಿರಿಯರು ದನಿ ಕಡಿಮೆ ಮಾಡಿಕೊಳ್ಳಲಿ.

ಒಂದು ಹೊತ್ತಿಗೆ ಎಲ್ಲರೂ ಎದ್ದು ಬಟ್ಟೆಯ ನ್ಯಾಪ್ಕಿನ್ ತಲೆ ಮೇಲೆ ಗಿರಗಿರ ತಿರುಗಿಸುತ್ತಾರೆ. ಬಾರ್ಬೆಕ್ಯೂ ಸಾಸ್ ಒರೆಸಿದ ನ್ಯಾಪ್ಕಿನ್ ಅಂತ ನೆನಪಿರಲಿ. ಒಂದು ಚೊಕ್ಕ ನ್ಯಾಪ್ಕಿನ್ ಎತ್ತಿಟ್ಟುಕೊಳ್ಳಿ, ಇಲ್ಲದಿದ್ದರೆ ಪಕ್ಕದವರ ಬಿಳಿ ಅಂಗಿಗೆ ನೀವೇ ಹೊಣೆ.

ಹಂತ 8: ವಾಪಸ್

ಶೋ ಮುಗಿದ ಕೂಡಲೇ ಇಡೀ ಹಾಲ್ ಒಂದೇ ಬಸ್ ನಿಲ್ದಾಣಕ್ಕೆ ಹೋಗುತ್ತದೆ. ಎರಡು ಉಪಾಯ. ಒಂದೋ ಮುಗಿದ ತಕ್ಷಣ ಚುರುಕಾಗಿ ಹೊರಡಿ, ಇಲ್ಲವೇ ಇಪ್ಪತ್ತು ನಿಮಿಷ ಕೆರೆ ದಂಡೆಯಲ್ಲಿ ಕೂತು, ಗುಂಪು ಕರಗಿದ ಮೇಲೆ ಹೊರಡಿ. ನಡುವೆ ಹೋದರೆ ನಿಂತೇ ಕಾಯಬೇಕು.

ನಾನಾದರೆ ದಂಡೆಗೆ ಹೋಗುತ್ತೇನೆ. ಹೊತ್ತು ಹೊಂದಿದರೆ ಅಲ್ಲಿಂದ ಮ್ಯಾಜಿಕ್ ಕಿಂಗ್ಡಮ್‌ನ ಸಿಡಿಮದ್ದು ಕಾಣುತ್ತದೆ. ಎಲೆಕ್ಟ್ರಿಕಲ್ ವಾಟರ್ ಪೇಜೆಂಟ್ ಅಂತ ದೀಪದ ತೆಪ್ಪಗಳ ಮೆರವಣಿಗೆಯೂ ರಾತ್ರಿ ಆ ನೀರಿನಲ್ಲಿ ಹಾದುಹೋಗುತ್ತದೆ, 1971ರಿಂದ ನಡೆದುಕೊಂಡು ಬಂದದ್ದು. ಎರಡಕ್ಕೂ ದುಡ್ಡಿಲ್ಲ. ಆ ದಿನದ ಸಮಯ ಆ್ಯಪ್‌ನಲ್ಲಿ ನೋಡಿಕೊಳ್ಳಿ. 6:15ರ ಆಟದವರಿಗೆ ಇದು ಚೆನ್ನಾಗಿ ಕೂಡಿಬರುತ್ತದೆ.

ಕಾರು ತಂದವರು ಔಟ್‌ಪೋಸ್ಟ್‌ಗೆ ಹೋಗುವ ಒಳಗಿನ ಬಸ್ಸನ್ನೇ ಹತ್ತಿ. ಒಳಗಿನ ಬಸ್ಸುಗಳಿಗೆ ಬೇರೆ ಬೇರೆ ದಾರಿಗಳಿವೆ, ಕೆಲವು ಡೇರೆಗಳ ನಡುವೆ ಸುತ್ತು ಹಾಕಿ ಹೋಗುತ್ತವೆ. ಹತ್ತುವ ಮುಂಚೆ "ಔಟ್‌ಪೋಸ್ಟ್?" ಅಂತ ಚಾಲಕರನ್ನು ಒಂದು ಮಾತು ಕೇಳಿ. ಊಬರ್ ಬೇಕಾದವರು ಔಟ್‌ಪೋಸ್ಟ್ ತಲುಪಿದ ಮೇಲೆ ಕರೆಯಿರಿ. ಹಾಲ್‌ನಲ್ಲಿ ಕೂತೇ ಕರೆದರೆ ಅವನು ಗೇಟಿನಲ್ಲಿ ಕಾಯುತ್ತಾನೆ, ನೀವು ಬಸ್ಸಿನಲ್ಲಿ ಮರ ಎಣಿಸುತ್ತಿರುತ್ತೀರಿ, ಕಾದಿದ್ದಕ್ಕೂ ಶುಲ್ಕ ಬೀಳುತ್ತದೆ. ಬೇರೆ ಹೋಟೆಲ್‌ಗೆ ದೋಣಿಯಲ್ಲಿ ಹೋಗುವವರು ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಬರುವಾಗಲೇ ದೋಣಿಯವರನ್ನು ಕೇಳಿಟ್ಟುಕೊಳ್ಳಿ.